ಬಲ್ಬು ಯಾಕೆ ಸುಡುತ್ತದೆ ಎಂದು ಕೇಳಿದವರು

ಕಳೆದ ತಿಂಗಳು ಸಂಡೂರಿನ ಕಡೆಯ ಕಂಪೌಂಡರ್ ಒಬ್ಬ ನನ್ನನ್ನು ಮಾತಾಡಿಸಿಕೊಂಡು ಹೋಗಲು ಬಂದಿದ್ದ. ಚಹಾ ಕುಡಿಯುತ್ತ ಅವರಿವರ ಸುದ್ದಿ ಹೇಳುವಾಗ, ನಿಮಗೆ ಗೊತ್ತಿದ್ದರಲ್ಲ ಇಂಜಿನ್ ಮೇಸ್ತ್ರಿ, ಅವರು ತೀರಿಕೊಂಡರು ಎಂದ. ಯಾವಾಗ ಎಂದು ಕೇಳಿದೆ. ಹೋದ ಅಮಾವಾಸ್ಯೆಯ ಹಿಂದೆಮುಂದೆ ಇರಬೇಕು ಎಂದ. ಆಮೇಲೆ ತನ್ನ ವರ್ಗಾವಣೆಯ ಮಾತು ತೆಗೆದ. ನಾನು ಹೂಂಗುಟ್ಟುತ್ತ ಕೂತಿದ್ದೆ. ಅವನು ಹೋದ ಮೇಲೆ ಲೋಟ ತೊಳೆಯಲು ಎದ್ದವಳು ತೊಳೆಯದೆ ಹಿತ್ತಲ ಕಟ್ಟೆಯ ಮೇಲೆ ಕೂತುಬಿಟ್ಟೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮನೆಯವರು ಇದೇ ಸೀಮೆಯಲ್ಲಿದ್ದಾರೆ. ಅಲ್ಲದೆ ನಾನು ಅವರನ್ನು ಹೆಸರು ಹಿಡಿದು ಕರೆದವಳೂ ಅಲ್ಲ. ಎಲ್ಲರಿಗೂ ಅವರು ಮೇಸ್ತ್ರಿ, ನನಗೂ ಮೇಸ್ತ್ರಿ. ಅವರಿಗೆ ನಾನು ‘ಅಮ್ಮಾರು’. ನನಗಿಂತ ಎಂಟು ಹತ್ತು ವರ್ಷಕ್ಕೆ ದೊಡ್ಡವರು, ಆದರೂ ಅಮ್ಮಾರು.

ಆಗ ಎರಡನೆಯ ಮಹಾಯುದ್ಧದ ಕಾಲ. ನಮ್ಮ ಸೀಮೆ ಮದ್ರಾಸ್ ಇಲಾಖೆಗೆ ಸೇರಿತ್ತು. ನಾನು ಹೊಸಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆ ನರ್ಸಾಗಿದ್ದೆ. ನನಗೆ ಹನ್ನೊಂದು ವರ್ಷವಿದ್ದಾಗಲೇ ಗಂಡ ಸತ್ತಿದ್ದ. ಅವನ ಮುಖ ನನಗೆ ನೆನಪಿಲ್ಲ. ಶಾಲೆಯ ಹೆಡ್‌ಮಿಸ್ಟ್ರೆಸ್ ಹಟ ಹಿಡಿದು ನನ್ನನ್ನು ಬಳ್ಳಾರಿಗೆ ತರಬೇತಿಗೆ ಕಳಿಸದಿದ್ದರೆ ಅಣ್ಣನ ಮನೆಯ ಅಡುಗೆಮನೆಯಲ್ಲೇ ನನ್ನ ಆಯುಷ್ಯ ಮುಗಿಯುತ್ತಿತ್ತು. ಆಸ್ಪತ್ರೆಯ ಡಾಕ್ಟರು ಮಂಗಳೂರಿನ ಕಡೆಯವರು. ಅವರಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ ಇತ್ತು. ಅದರ ಪಕ್ಕಕ್ಕೆ ಒಬ್ಬರು ಕೂರುವಂಥ ಒಂಟಿ ಚಕ್ರದ ಪೆಟ್ಟಿಗೆ. ಊರಿನವರು ಅದನ್ನು ತೊಟ್ಟಿಲು ಎನ್ನುತ್ತಿದ್ದರು. ಆ ತೊಟ್ಟಿಲಲ್ಲಿ ಮಡಿಲ ಮೇಲೆ ಚೀಲ ಇಟ್ಟುಕೊಂಡು ಕೂತು ನಾನು ಪಾಪಿನಾಯಕನಹಳ್ಳಿ, ಗಾದಿಗನೂರು, ತೋರಣಗಲ್ಲು, ಈ ಕಡೆ ಕಂಪ್ಲಿಯವರೆಗೆ ತಿರುಗಿದ್ದೇನೆ. ಮೊದಮೊದಲು ಜನ ನಿಂತು ನೋಡುತ್ತಿದ್ದರು, ಆಮೇಲೆ ಅಭ್ಯಾಸವಾಯಿತು.

ಆ ಗಾಡಿಗೆ ಒಂದೇ ರೋಗ. ಮುಂದಿನ ದೀಪದ ಬಲ್ಬು ನಿಲ್ಲುತ್ತಿರಲಿಲ್ಲ. ಹೊಸದು ಹಾಕಿದರೆ ಒಂದು ವಾರ, ಬಹಳವೆಂದರೆ ಹದಿನೈದು ದಿನ, ಟಪ್ಪೆಂದು ಹೋಗುತ್ತಿತ್ತು. ಬಲ್ಬು ಮದ್ರಾಸಿನಿಂದ ಪಾರ್ಸೆಲಿನಲ್ಲಿ ಬರಬೇಕು. ಯುದ್ಧ ಶುರುವಾದ ಮೇಲೆ ಅದೂ ದುರ್ಲಭವಾಯಿತು. ಡಾಕ್ಟರು ಮೊದಲು ನಮ್ಮ ರಸ್ತೆಯ ಕುಣಿಗಳನ್ನು ಬೈದರು, ಆಮೇಲೆ ಬಲ್ಬು ಮಾಡಿದವರನ್ನು, ಕೊನೆಗೆ ಜರ್ಮನರನ್ನು. ಸುಟ್ಟ ಬಲ್ಬುಗಳನ್ನು ನಾನು ಹತ್ತಿಯ ಖಾಲಿ ಡಬ್ಬಿಯೊಂದರಲ್ಲಿ ಹಾಕಿಡುತ್ತಿದ್ದೆ. ಯಾಕೆಂದರೆ ಆ ದಿನಗಳಲ್ಲಿ ಯಾವುದನ್ನೂ ಎಸೆಯಲು ಕೈ ಬರುತ್ತಿರಲಿಲ್ಲ, ಅಷ್ಟೇ.

ಕಂಪ್ಲಿಯಲ್ಲಿ ಕಬ್ಬು ಬಾಳೆಗಳಿಗೆ ನೀರೆತ್ತುವ ಎಣ್ಣೆ ಇಂಜಿನ್ನುಗಳನ್ನು ನೋಡಿಕೊಳ್ಳುವ ಒಬ್ಬ ಮೇಸ್ತ್ರಿ ಇದ್ದಾನೆ, ಕರೆಸಿ ನೋಡಿ ಎಂದು ಯಾರೋ ಹೇಳಿದರು. ಅವರು ಬಂದರು. ಉದ್ದನೆಯ ಆಳು, ಸ್ವಲ್ಪ ಬಾಗಿದ ಬೆನ್ನು. ಯಾವುದೋ ಇಂಜಿನ್ ಉರಿ ಕಾರಿದಾಗ ಎಡಗಣ್ಣಿನ ಹುಬ್ಬು ಸುಟ್ಟುಹೋಗಿ ಮತ್ತೆ ಬಂದಿರಲಿಲ್ಲ. ಅದರಿಂದ ಅವರು ಸದಾ ಏನನ್ನೋ ಅನುಮಾನಿಸುತ್ತಿರುವಂತೆ ಕಾಣುತ್ತಿದ್ದರು. ಬಂದವರೇ ಕೈ ತೊಳೆಯಲು ನೀರು ಕೇಳಿದರು. ಬೇರೆ ಮೇಸ್ತ್ರಿಗಳು ಕೆಲಸ ಮುಗಿಸಿ ಕೈ ತೊಳೆದರೆ ಇವರು ಶುರು ಮಾಡುವ ಮೊದಲೂ ತೊಳೆಯುತ್ತಿದ್ದರು. ನಾನು ಹೆರಿಗೆಗೆ ಮುಂಚೆ ತೊಳೆಯುವಂತೆ, ಮೊಣಕೈ ತನಕ. ಅದು ನನ್ನ ಕಣ್ಣಿಗೆ ಬಿತ್ತು.

ಅವರು ಹತಾರದ ಪೆಟ್ಟಿಗೆ ತೆರೆಯಲೇ ಇಲ್ಲ. ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ದೀಪ ಎಂಥ ಹೊತ್ತಲ್ಲಿ ಹೋಗುತ್ತದೆ, ಗಾಡಿ ನಿಂತಾಗಲೋ ಓಡುವಾಗಲೋ, ಏರಿನಲ್ಲೋ ಇಳಿಜಾರಿನಲ್ಲೋ ಎಂದು ಒಂದೊಂದೇ ಕೇಳಿದರು. ಡಾಕ್ಟರಿಗೆ ಸಿಟ್ಟು ಬಂತು. ಹೋಗುತ್ತದೆ ಮಾರಾಯ, ನಾನು ದಾರಿ ನೋಡುವುದೋ ದೀಪ ನೋಡುವುದೋ ಎಂದರು. ಮೇಸ್ತ್ರಿ ಅಲ್ಲೇ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

‘ನೀವು ಬಾಜೂಕ ಕುಂತಿರ್ತೀರಿ ಅಲ್ರಿ ಅಮ್ಮಾರ. ಆರೋ ಮುಂದ ಬೆಳಕು ಬೆಳ್ಳಗಾಗಿತ್ತೇನ್ರಿ, ಇಲ್ಲಾ ಸುಮ್ಮ ಆರಿತಾ?’

ಯಾವ ಗಂಡಸೂ ಅಲ್ಲಿಯತನಕ ನಾನು ಏನನ್ನು ಕಂಡೆ ಎಂದು ಕೇಳಿರಲಿಲ್ಲ. ಮಗು ಎಷ್ಟು ಹೊತ್ತಿಗೆ ಹುಟ್ಟಿತು ಎಂದು ಕೇಳುತ್ತಿದ್ದರು, ಬಿಸಿನೀರು ಇನ್ನೆಷ್ಟು ಬೇಕು ಎಂದು ಕೇಳುತ್ತಿದ್ದರು. ನನಗೆ ಉತ್ತರ ಗೊತ್ತಿತ್ತು. ದೀಪ ಯಾವಾಗಲೂ ಇಳಿಜಾರಿನಲ್ಲಿ, ಗಾಡಿ ಜೋರಾಗಿದ್ದಾಗ ಹೋಗುತ್ತಿತ್ತು. ಹೋಗುವ ಮೊದಲು ರಸ್ತೆಯೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತಿತ್ತು. ಹೇಳಿದೆ. ಡಬ್ಬಿಯನ್ನೂ ತಂದುಕೊಟ್ಟೆ. ಅವರು ಒಂದು ಬಟ್ಟೆ ಹಾಸಿ ಸುಟ್ಟ ಬಲ್ಬುಗಳನ್ನು ಸಾಲಾಗಿ ಇಟ್ಟರು. ಒಂಬತ್ತಿದ್ದವು. ಒಂದನ್ನು ಬಿಟ್ಟು ಉಳಿದೆಲ್ಲದರ ಗಾಜು ಒಳಗೆ ಕಪ್ಪಾಗಿತ್ತು. ಕುಲುಕಾಟಕ್ಕೆ ಹೋದ ಬಲ್ಬಿನಲ್ಲಿ ತಂತಿ ತುಂಡಾಗಿರುತ್ತದೆ, ಗಾಜು ತಿಳಿಯಾಗಿರುತ್ತದೆ. ಕರೆಂಟು ಹೆಚ್ಚಾಗಿ ಹೋದದ್ದು ಹೀಗೆ ಮಸಿ ಹಿಡಿಯುತ್ತದೆ ಎಂದು ನನಗೆ ಬಿಡಿಸಿ ಹೇಳಿದರು. ತಪ್ಪು ರಸ್ತೆಯದಲ್ಲ, ಬಲ್ಬಿನದೂ ಅಲ್ಲ. ಇಂಜಿನ್ ಓಡುವಾಗ ಡೈನಮೋ ಹುಟ್ಟಿಸುವ ಕರೆಂಟಿನಲ್ಲಿ ಹೆಚ್ಚಾದದ್ದನ್ನು ಬ್ಯಾಟರಿ ನುಂಗಿಕೊಳ್ಳಬೇಕು. ಬ್ಯಾಟರಿಯ ತಂತಿ ಎಲ್ಲೋ ಸಡಿಲವಾಗಿ ಬಿಟ್ಟು ಬಿಟ್ಟು ಹಿಡಿಯುತ್ತಿದ್ದರೆ, ಬಿಟ್ಟ ಕ್ಷಣದಲ್ಲಿ ಅಷ್ಟೂ ಕರೆಂಟು ಬಲ್ಬಿನ ಮೇಲೆ ಬೀಳುತ್ತದೆ.

ಬ್ಯಾಟರಿಯ ಎರಡೂ ತುದಿಗಳನ್ನು ಉಜ್ಜಿ, ಬಿಗಿ ಮಾಡಿ, ನೀರು ಹಾಕಿ, ಹೊಸ ಬಲ್ಬು ಕೂರಿಸಿ ಹೋದರು. ಡಾಕ್ಟರಿಗೆ ಖುಷಿಯಾಯಿತು.

ಇಪ್ಪತ್ತು ದಿನ ದೀಪ ಚೆನ್ನಾಗಿತ್ತು. ಇಪ್ಪತ್ತೊಂದನೆಯ ದಿನ ಪಾಪಿನಾಯಕನಹಳ್ಳಿಯಿಂದ ಕರೆ ಬಂತು. ಚೊಚ್ಚಲ ಹೆರಿಗೆ, ರಕ್ತ ಹೋಗುತ್ತಿದೆ ಎಂದರು. ಹೊರಡುವಾಗಲೇ ಸಂಜೆಗತ್ತಲು. ಅಮಾವಾಸ್ಯೆ ಹತ್ತಿರವಿತ್ತು. ಅರ್ಧ ದಾರಿಯಲ್ಲಿ ರಸ್ತೆ ಒಮ್ಮೆ ಬೆಳ್ಳಗಾಯಿತು, ಮರುಕ್ಷಣ ಏನೂ ಇಲ್ಲ. ಡಾಕ್ಟರು ಹೇಗೋ ಗಾಡಿ ನಿಲ್ಲಿಸಿದರು. ಬದಲಿಗೆ ಇಟ್ಟುಕೊಂಡ ಬಲ್ಬು ಇರಲಿಲ್ಲ. ನಾನಿಳಿದು ಬಿಳಿ ಸೆರಗನ್ನು ಹಿಂದಕ್ಕೆ ಇಳಿಬಿಟ್ಟು ಮುಂದೆ ಮುಂದೆ ನಡೆದೆ. ಅದರ ಗುರುತು ಹಿಡಿದು ಅವರು ಗಾಡಿಯನ್ನು ನಿಧಾನ ತಂದರು. ಮುಕ್ಕಾಲು ತಾಸು ತಡವಾಯಿತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಮೊದಲೇ ಹೋಗಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಹೇಳಲಾಗುವುದಿಲ್ಲ ಎಂದೇ ಅವರು ಹೇಳುತ್ತಿದ್ದರು.

ಸುದ್ದಿ ಬಾಳೆಗೊನೆಯ ಬಂಡಿಗಳವರ ಬಾಯಿಂದ ಕಂಪ್ಲಿಗೆ ಮುಟ್ಟಿತು. ಹನ್ನೆರಡನೆಯ ದಿನ ಮಗುವನ್ನು ನೋಡಿ ಬರಲು ನಾನು ಎತ್ತಿನ ಬಂಡಿಯಲ್ಲಿ ಹೊರಟಿದ್ದೆ. ಮೇಸ್ತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರು. ಕಂಪ್ಲಿಯಿಂದ ನಡೆದೇ ಬಂದಿದ್ದರು. ಆ ಮನೆಗೆ ತಾನೂ ಬರುತ್ತೇನೆ ಎಂದರು. ನೀವು ಯಾಕೆ, ನಿಮ್ಮನ್ನು ಯಾರೂ ಏನೂ ಅಂದಿಲ್ಲ ಎಂದೆ. ಅವರು ಉತ್ತರ ಕೊಡದೆ ಬಂಡಿ ಹತ್ತಿ ನನ್ನಿಂದ ದೂರಕ್ಕೆ, ಹಿಂದುಗಡೆ ಕೂತರು.

ಸತ್ತವಳ ಗಂಡ ಇಪ್ಪತ್ತರ ಹುಡುಗ. ಮಗುವನ್ನು ಅಜ್ಜಿ ಆಡಿನ ಹಾಲಿನ ಮೇಲೆ ಸಾಕುತ್ತಿದ್ದಳು. ಮೇಸ್ತ್ರಿ ಅವನೆದುರು ಕೈಕಟ್ಟಿ ನಿಂತರು.

‘ಆ ಗಾಡಿ ದೀಪ ರಿಪೇರಿ ಮಾಡಿದಾಂವ ನಾನಪ. ಬರೋಬ್ಬರಿ ಮಾಡೀನಿ ಅಂದ್ಕೊಂಡು ಹೋದೆ. ಆಗಿರಲಿಲ್ಲ. ಅದನ್ನ ನಿನಗ ಹೇಳಬೇಕಾಗಿತ್ತು.’

ಆ ಹುಡುಗ ಬಯ್ಯಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವರ ಕೈಗೆ ಕೊಟ್ಟ. ಅವರು ಅಲ್ಲೇ ನಿಂತು ಅಷ್ಟನ್ನೂ ಕುಡಿದರು. ತಪ್ಪಾದಾಗ ಗಂಡಸರು ಜೋರು ಮಾಡುವುದನ್ನು, ಜಾರಿಕೊಳ್ಳುವುದನ್ನು, ದೇವರ ಮೇಲೆ ಹಾಕುವುದನ್ನು ನಾನು ನೋಡಿದ್ದೆ. ಇದನ್ನು ನೋಡಿರಲಿಲ್ಲ. ನನ್ನ ಮನಸ್ಸು ಅವರ ಕಡೆಗೆ ಎಂದು ತಿರುಗಿತು ಎಂದು ಯಾರಾದರೂ ಕೇಳಿದರೆ ಆ ದಿನವನ್ನೇ ತೋರಿಸುತ್ತೇನೆ. ಕೇಳುವವರು ಯಾರೂ ಇರಲಿಲ್ಲ, ಆ ಮಾತು ಬೇರೆ.

ಮದ್ರಾಸಿನಿಂದ ಇನ್ನೊಂದು ಬಲ್ಬು ಬಂತು. ಅದೊಂದೇ, ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ ಎಂದು ಅಂಗಡಿಯವರು ಬರೆದಿದ್ದರು. ಅಷ್ಟರಲ್ಲಿ ಕಾಲರಾ ಚುಚ್ಚುಮದ್ದು ಹಾಕಲು ನಾವು ಹಂಪಿಗೆ ಹೋಗಬೇಕಾಯಿತು. ಆಗ ಹಂಪಿಯ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರಗಳಿದ್ದವು, ಕಲ್ಲುಕಂಬಗಳ ನಡುವೆ ಒಲೆ, ತೊಟ್ಟಿಲು, ಆಡು. ಮೇಸ್ತ್ರಿಯೂ ಅಲ್ಲಿಗೇ ಬಂದರು. ದೀಪದ ಬೆಳಕನ್ನು ನೋಡಲು ಕತ್ತಲಾಗುವತನಕ ಕಾಯುವುದು ಬೇಡವೆಂದು, ಖಾಲಿಯಿದ್ದ ಒಂದು ಮಂಟಪದೊಳಕ್ಕೆ ಮಟಮಟ ಮಧ್ಯಾಹ್ನ ಗಾಡಿಯನ್ನು ತಳ್ಳಿಸಿ, ಮುಂದುಗಡೆ ಗೋಣಿತಟ್ಟು ಕಂಬಳಿಗಳನ್ನು ಕಟ್ಟಿಸಿದರು. ಒಳಗೆ ಬಾವಲಿಯ ವಾಸನೆ, ಕಗ್ಗತ್ತಲು.

ದೀಪದ ಬುರುಡೆಯ ಮೇಲೆ ಒಂದು ಪುಟ್ಟ ಗಡಿಯಾರದಂಥದ್ದಿತ್ತು. ಕರೆಂಟು ಬ್ಯಾಟರಿಗೆ ಹೋಗುವಾಗ ಅದರ ಮುಳ್ಳು ಒಂದು ಕಡೆಗೆ ವಾಲುತ್ತದೆ, ಬ್ಯಾಟರಿಯಿಂದ ಬರುವಾಗ ಇನ್ನೊಂದು ಕಡೆಗೆ. ನಡುವೆ ಸುಮ್ಮನೆ ಮಲಗಿತೆಂದರೆ ಸಂಬಂಧ ತಪ್ಪಿತೆಂದು ಅರ್ಥ. ಮುಳ್ಳನ್ನು ನೋಡುವ ಕೆಲಸ ನನ್ನದು. ಮಲಗಿದ ಕೂಡಲೇ ನಾನು ಕೂಗಬೇಕು, ಡಾಕ್ಟರು ಇಂಜಿನ್ ಇಳಿಸಬೇಕು. ಮೇಸ್ತ್ರಿ ಹಿಂದೆ ಬಗ್ಗಿ ಗಾಡಿಯ ಒಂದೊಂದೇ ಭಾಗವನ್ನು ಕೈಯಿಂದ ಅಲುಗಿಸುತ್ತ ಬಂದರು.

ದೀಪ ಹೊತ್ತಿದಾಗ ಎದುರಿನ ಕಂಬದಲ್ಲಿ ಕುದುರೆಗಳು ಎದ್ದು ಬಂದವು. ಹಂಸಗಳ ಸಾಲು, ಬುಟ್ಟಿ ಹೊತ್ತ ಒಬ್ಬ ಹೆಂಗಸು. ಕೆತ್ತಿದವನ ನಂತರ ಆ ಮೂಲೆಯನ್ನು ಅಷ್ಟು ಬೆಳಕಿನಲ್ಲಿ ಯಾರೂ ಕಂಡಿರಲಾರರು ಅನ್ನಿಸಿತು. ನಾನು ಒಂದು ಗಳಿಗೆ ಮುಳ್ಳನ್ನು ಮರೆತು ಅದನ್ನೇ ನೋಡಿದೆ. ಆ ಹೆಂಗಸಿನ ಮುಖ ಬೆಳ್ಳಗೆ ಉರಿದಂತಾಯಿತು. ತಿರುಗಿ ನೋಡಿದರೆ ಮುಳ್ಳು ನಡುವೆ ಮಲಗಿತ್ತು. ಕೂಗುವಷ್ಟರಲ್ಲಿ ಕತ್ತಲು.

ಇದ್ದೊಂದು ಬಲ್ಬು ನನ್ನಿಂದ ಹೋಯಿತು. ಡಾಕ್ಟರು ಇಂಜಿನ್ ನಿಲ್ಲಿಸಿ ಏನೋ ಅನ್ನಲು ಹೊರಟರು. ಕತ್ತಲಲ್ಲಿ ಮೇಸ್ತ್ರಿಯ ದನಿ ಮೊದಲು ಬಂತು.

‘ಹೋಗ್ಲಿ ಬಿಡ್ರಿ. ನನ್ನ ಕೈ ಎಲ್ಲೈತಿ ಅಲ್ಲೇ ಐತ್ರಿ ರೋಗ.’

ಕಂಬಳಿ ಸರಿಸಿದರು. ಅವರ ಬೆರಳು ಬ್ಯಾಟರಿಯಿಂದ ಹೊರಟ ದಪ್ಪ ತಂತಿಯ ಇನ್ನೊಂದು ತುದಿಯಲ್ಲಿತ್ತು, ಗಾಡಿಯ ಚೌಕಟ್ಟಿಗೆ ಬೋಲ್ಟು ಹಾಕಿ ಕಚ್ಚಿಸಿದ ಜಾಗದಲ್ಲಿ. ಬೋಲ್ಟು ಬಿಗಿಯಾಗಿಯೇ ಇತ್ತು. ಬಿಚ್ಚಿ ನೋಡಿದರೆ ಅದರ ಕೆಳಗೆ ಮಿರಮಿರ ಮಿಂಚುವ ಕರಿ ಬಣ್ಣ. ಹಿಂದಿನ ವರ್ಷ ಮೇಲಧಿಕಾರಿಗಳು ತಪಾಸಣೆಗೆ ಬರುತ್ತಾರೆಂದು ಡಾಕ್ಟರು ಗಾಡಿಗೆ ಬಣ್ಣ ಹೊಡೆಸಿದ್ದರು. ಹೊಡೆದವನು ಬೋಲ್ಟಿನ ಕೆಳಗೂ ಹೊಡೆದು ಅದರ ಮೇಲೆ ತಂತಿ ಕೂರಿಸಿದ್ದ. ಕಬ್ಬಿಣಕ್ಕೂ ತಂತಿಗೂ ನಡುವೆ ಬಣ್ಣದ ಪದರ. ಒಮ್ಮೆ ತಾಗುವುದು, ಒಮ್ಮೆ ಬಿಡುವುದು. ಮೇಸ್ತ್ರಿ ಚಾಕುವಿನಿಂದ ಕಬ್ಬಿಣ ಬೆಳ್ಳಿಯಂತೆ ಹೊಳೆಯುವತನಕ ಕೆರೆದರು. ಹೋದ ಸಲ ಬ್ಯಾಟರಿಯ ಕಡೆ ನೋಡಿದೆ, ಚೌಕಟ್ಟಿನ ಕಡೆ ಹೊಸ ಬಣ್ಣ ಚಂದ ಕಂಡಿತು, ಚಂದ ಇದ್ದದ್ದನ್ನು ಬಿಚ್ಚಿ ನೋಡಲಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಡಾಕ್ಟರು ಕಟ್ಟಿದ್ದ ಗೋಣಿತಟ್ಟುಗಳನ್ನು ತಾವೇ ಬಿಚ್ಚಿ ಮಡಚಿಟ್ಟರು.

ಮುಂದಿನ ಬಲ್ಬು ಬರುವವರೆಗೆ ಒಂದೂವರೆ ತಿಂಗಳು ನಾವು ಹಗಲಿನಲ್ಲಷ್ಟೇ ತಿರುಗಿದೆವು. ಬಂದ ಬಲ್ಬು ಎರಡು ವರ್ಷ ಬಾಳಿತು.

ರೋಗ ವಾಸಿಯಾದ ಮೇಲೂ ಮೇಸ್ತ್ರಿ ತಿಂಗಳಿಗೊಮ್ಮೆ ಬರುತ್ತಿದ್ದರು. ಕೈ ತೊಳೆದು, ಬ್ಯಾಟರಿಯ ನೀರು ನೋಡಿ, ಆ ಬೋಲ್ಟನ್ನು ಮುಟ್ಟಿ, ಜಗಲಿಯ ಮೇಲೆ ಅರ್ಧ ತಾಸು ಕೂರುತ್ತಿದ್ದರು. ಮಾತು ಕಡಿಮೆ. ದೂರದ ಇಂಜಿನ್ನಿನ ಸದ್ದು ಕೇಳಿ ಅದು ಯಾರ ತೋಟದ್ದು, ಅದಕ್ಕೇನು ಬೇನೆ ಎಂದು ಹೇಳಿಬಿಡುತ್ತಿದ್ದರು. ಯಾವ ಯಂತ್ರವೂ ಕೆಟ್ಟಿದೆ ಎನ್ನುತ್ತಿರಲಿಲ್ಲ, ‘ಏನೋ ಹೇಳಾಕತ್ತೈತಿ’ ಎನ್ನುತ್ತಿದ್ದರು. ಕಂಪ್ಲಿಯ ಬಾಳೆಹಣ್ಣು ತಂದು, ಕೊಡದೆ, ಜಗಲಿಯಲ್ಲಿ ಮರೆತವರಂತೆ ಬಿಟ್ಟುಹೋಗುತ್ತಿದ್ದರು. ಹೆರಿಗೆಗಳ ಬಗ್ಗೆ ಕೇಳುತ್ತಿದ್ದರು. ಮಗು ಅಡ್ಡ ಇದ್ದರೆ ಹೇಗೆ ತಿಳಿಯುತ್ತದೆ, ಕೈಗೆ ಗೊತ್ತಾಗುತ್ತದೆಯೇ ಎಂದು. ನಾನು ಹೇಳುತ್ತಿದ್ದೆ. ಅವರ ದಿನ ಬರುವ ಮುಂಚೆ ನಾನು ಸೀರೆ ಒಗೆದು ಗಂಜಿ ಹಾಕುತ್ತಿದ್ದೆ ಎಂಬುದನ್ನು ಈಗ ಹೇಳಿದರೆ ಯಾರಿಗೂ ನಷ್ಟವಿಲ್ಲ.

ಒಂದು ದಿನ ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋಗಿದ್ದರು. ಮೇಸ್ತ್ರಿ ಎದ್ದು ನಿಂತು, ನೆಲ ನೋಡುತ್ತ ಹೇಳಿದರು. ಅಮ್ಮಾರ ಎಂಬ ಮಾತು ಆ ದಿನ ಬರಲಿಲ್ಲ.

‘ಕಂಪ್ಲಿಯೊಳಗ ಒಂದು ಮನಿ ನೋಡೀನ್ರಿ. ಹೊಳಿ ಹತ್ತಿರ ಐತಿ. ನೀವು ಬರ್ತೀನಿ ಅಂದ್ರ ಹಿಡೀತೀನಿ. ನಿಮ್ಮ ಕೆಲಸ ನೀವು ಮಾಡ್ರಿ, ನಾ ಬ್ಯಾಡ ಅನ್ನೂದಿಲ್ಲ.’

ಮುಂದಿನ ಸಲ ಬಂದಾಗ ಹೇಳುತ್ತೇನೆ ಎಂದೆ. ಆ ಒಂದು ತಿಂಗಳು ನಾನು ಅಣ್ಣನ ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನು ನೆನೆದೆ, ಜಾತಿಯನ್ನು ನೆನೆದೆ, ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಯೋಚಿಸಿದೆ. ಅಣ್ಣನನ್ನು ಕೇಳಲಿಲ್ಲ. ಯಾರನ್ನೂ ಕೇಳಲಿಲ್ಲ. ಅವರು ಬಂದರು. ಆಗುವುದಿಲ್ಲ ಎಂದೆ. ಕಾರಣ ಕೇಳಿದರೆ ಹೇಳಲೆಂದು ಅಣ್ಣನ ಮಕ್ಕಳ ಮಾತನ್ನು ಸಿದ್ಧ ಮಾಡಿಕೊಂಡಿದ್ದೆ. ಅವರು ಕೇಳಲಿಲ್ಲ. ಆತ್ರಿ ಎಂದಷ್ಟೇ ಹೇಳಿ, ಕೈ ತೊಳೆದು, ಎಂದಿನಂತೆ ಗಾಡಿಯನ್ನು ಪೂರ್ತಿ ನೋಡಿ ಹೋದರು. ಮತ್ತೆ ಬರಲಿಲ್ಲ. ಸಂಡೂರು ಸಂಸ್ಥಾನದ ಮ್ಯಾಂಗನೀಸ್ ಗಣಿಯಲ್ಲಿ ಇಂಜಿನ್ ನೋಡಿಕೊಳ್ಳಲು ಸೇರಿದರೆಂದು ಕೆಲವು ತಿಂಗಳ ಮೇಲೆ ಕೇಳಿದೆ.

ಯುದ್ಧ ಮುಗಿಯಿತು. ಡಾಕ್ಟರಿಗೆ ವರ್ಗವಾಗಿ ಗಾಡಿಯೂ ಅವರ ಜೊತೆ ಹೋಯಿತು. ಅಣ್ಣನ ಮಕ್ಕಳಿಬ್ಬರ ಮದುವೆಯೂ ಆಯಿತು. ಒಂದು ಬೇಸಿಗೆಯಲ್ಲಿ ಸಂಡೂರಿನಿಂದ ಚೀಟಿ ಬಂತು, ಅಲ್ಲಿಯ ನರ್ಸು ರಜೆಯಲ್ಲಿದ್ದಾಳೆ, ಗಣಿಯ ಹತ್ತಿರದ ಹಳ್ಳಿಯಲ್ಲಿ ಕಷ್ಟದ ಹೆರಿಗೆ, ಬನ್ನಿ ಎಂದು. ಬಸ್ಸಿನಲ್ಲಿ ಹೋದೆ. ಕರೆದೊಯ್ದವನ ಹಿಂದೆ ಬಿಸಿಲಲ್ಲಿ ಕೆಂಪು ಮಣ್ಣಿನ ಏರು ಹತ್ತಿ ಒಂದು ಮನೆಯ ಮುಂದೆ ನಿಂತೆ. ಬಾಗಿಲಲ್ಲಿ ಮೇಸ್ತ್ರಿಯಿದ್ದರು. ಕೂದಲು ನರೆತಿತ್ತು. ನಾನು ಬರುತ್ತೇನೆಂದು ಅವರಿಗೂ ಗೊತ್ತಿರಲಿಲ್ಲ.

ಮಾತಾಡಲು ಹೊತ್ತಿರಲಿಲ್ಲ. ಮಗು ಕಾಲು ಮುಂದಾಗಿತ್ತು. ಎರಡೂವರೆ ತಾಸು ಹಿಡಿಯಿತು. ಹೆಣ್ಣುಮಗು; ಬೆನ್ನು ತಟ್ಟಿ, ತಲೆಕೆಳಗೆ ಹಿಡಿದ ಮೇಲೆ ಅತ್ತಿತು. ತಾಯಿಗೆ ರಕ್ತ ನಿಲ್ಲಲು ಇನ್ನೂ ಒಂದು ತಾಸು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅವರು ಗೋಡೆಗೆ ಒರಗಿ ನಿಂತಿದ್ದರು. ಅಷ್ಟು ವರ್ಷಗಳ ನನ್ನ ಕೆಲಸದಲ್ಲಿ ಹೊರಗೆ ನಿಂತ ಗಂಡಸರೆಲ್ಲ ಮೊದಲು ಕೇಳಿದ್ದು ಗಂಡೋ ಹೆಣ್ಣೋ ಎಂದು.

‘ಆಕಿ ಹೆಂಗದಾಳ್ರಿ?’ ಎಂದು ಅವರು ಕೇಳಿದರು.

ಉಳಿಯುತ್ತಾಳೆ ಎಂದೆ. ಅವರು ಕೈ ತೊಳೆದು ಒಲೆಯ ಮೇಲೆ ನೀರಿಡಲು ಹೋದರು.

ಬಾಣಂತಿಯನ್ನು ಬಿಟ್ಟು ಬರುವಂತಿರಲಿಲ್ಲ. ಎರಡು ದಿನ ಆ ಮನೆಯಲ್ಲಿದ್ದೆ. ಅವರೇ ರೊಟ್ಟಿ ಬಡಿದರು, ಅವರೇ ನೀರು ಕಾಯಿಸಿದರು. ಹೆಂಡತಿ ನನಗಿಂತ ಬಹಳ ಚಿಕ್ಕವಳು, ಒಳ್ಳೆಯ ಹುಡುಗಿ. ಎರಡನೆಯ ದಿನ ನನ್ನ ಕೈ ಹಿಡಿದುಕೊಂಡು, ಹೊಸಪೇಟೆಯ ಅಮ್ಮಾರು ನೀವೇ ಅಲ್ಲವೇ ಎಂದು ಕೇಳಿದಳು. ಮದುವೆಗೆ ಮೊದಲೇ ಅವರು ಎಲ್ಲ ಹೇಳಿದ್ದರಂತೆ. ನನಗೆ ತಲೆ ಎತ್ತಲಾಗಲಿಲ್ಲ. ಅವಳು ಕೈ ಬಿಡಲಿಲ್ಲ. ಆ ಮನೆಯಲ್ಲಿ ಹತಾರಗಳಿಗೊಂದು ಗೂಡಿತ್ತು, ಹೊರಗೆ ಕೈ ತೊಳೆಯುವ ಕಲ್ಲಿತ್ತು, ಮಧ್ಯಾಹ್ನ ಬೀಸುವ ಗಾಳಿಗೆ ಕದ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಎರಡು ದಿನಗಳಲ್ಲಿ ಎಲ್ಲ ನನಗೆ ಬಾಯಿಪಾಠವಾಗಿಬಿಟ್ಟಿತು.

ಮೂರನೆಯ ದಿನ ಬಸ್ಸಿನ ತನಕ ನನ್ನ ಚೀಲ ಹೊತ್ತುಕೊಂಡು ಬಂದರು. ಹುಣಸೆಮರದ ಕೆಳಗೆ ನಿಂತೆವು. ಅವರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಕೇಳಿದರು.

‘ಒಂದು ಕೇಳ್ತೀನ್ರಿ, ತಪ್ಪು ತಿಳೀಬ್ಯಾಡ್ರಿ. ಅವತ್ತು ಬ್ಯಾಡ ಅಂದ್ರಲ್ಲ. ಯಾಕ್ರಿ?’

ಸಿದ್ಧ ಮಾಡಿಟ್ಟುಕೊಂಡ ಉತ್ತರ ಆಗಲೂ ಬಾಯಲ್ಲಿತ್ತು. ಆದರೆ ಅವರಿಗೆ ಸುಳ್ಳು ಹೇಳಲಾಗಲಿಲ್ಲ.

‘ಅಂಜಿಕಿ ಬಂತ್ರಿ,’ ಎಂದೆ. ‘ಯಾರ ಅಂಜಿಕಿನೂ ಅಲ್ಲ. ನನಗ ಇದು ಬೇಕು ಅಂತ ಬಾಯಿಬಿಟ್ಟು ಹೇಳೂದು ಹೆಂಗಂತ ಗೊತ್ತಿರಲಿಲ್ರಿ.’

‘ನನ್ನಾಗ ಏನೋ ಕಮ್ಮಿ ಐತಿ ಅಂದ್ಕೊಂಡಿದ್ದೆ.’

‘ಇಲ್ರಿ. ಏನೂ ಕಮ್ಮಿ ಇರಲಿಲ್ಲ.’

ಅವರು ತಲೆಯಾಡಿಸಿದರು. ಬಸ್ಸು ಬಂತು. ಚೀಲವನ್ನು ನನ್ನ ಕಾಲ ಬಳಿ ಇಟ್ಟು ಇಳಿದರು. ಆಮೇಲೆ ಅವರನ್ನು ನಾನು ಕಾಣಲಿಲ್ಲ.

ಬಸ್ಸು ಘಟ್ಟ ಇಳಿದ ಮೇಲೆ ಪಕ್ಕದ ಸೀಟಿನ ಮುದುಕಿ ನನ್ನ ಮುಖ ನೋಡಿ, ಯಾರಾದರೂ ತೀರಿಕೊಂಡರೇನಮ್ಮ ಎಂದು ಕೇಳಿದಳು. ಇಲ್ಲವ್ವ, ಹೆರಿಗೆ ಮಾಡಿಸಿ ಬರುತ್ತಿದ್ದೇನೆ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದೆ.